ಜನವರಿಯಲ್ಲಿ ಪಾಯಿಂಟ್ ಪಟ್ಟಿ ಓದುವ ಕ್ರಮ: ಫ್ಯಾಂಟಸಿ ಬ್ಯಾಸ್ಕೆಟ್‌ಬಾಲ್‌ನ ಅರ್ಧ ಸೀಸನ್ ಲೆಕ್ಕ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಸೀಸನ್ ಅಕ್ಟೋಬರ್ ಕೊನೆಗೆ ಶುರುವಾಗಿ ಏಪ್ರಿಲ್ ಮಧ್ಯದವರೆಗೆ ನಡೆಯುತ್ತದೆ. 30 ತಂಡ, ಒಂದೊಂದಕ್ಕೂ 82 ಪಂದ್ಯ. ಜನವರಿಯ ಎರಡನೇ ಅಥವಾ ಮೂರನೇ ವಾರಕ್ಕೆ ಅರ್ಧ ದಾಟುತ್ತದೆ. ಶಿರಸಿ, ಸಿದ್ದಾಪುರದ ಕಡೆ ಕೊನೆಕೊಯ್ಲು, ಅಡಿಕೆ ಸುಲಿತದ ಗಡಿಬಿಡಿ ಇರುವುದು ಆಗಲೇ; ಕುಮಟಾ, ಹೊನ್ನಾವರದ ಕಡೆ ರಾತ್ರಿ ಯಕ್ಷಗಾನದ ಆಟಗಳು. ಫ್ಯಾಂಟಸಿ ತಂಡವನ್ನು (ನಿಜವಾದ ಆಟಗಾರರನ್ನು ಆರಿಸಿಕೊಂಡು, ಅವರು ಮಾಡುವ ಅಂಕಿಗಳ ಮೇಲೆ ಗೆಳೆಯರೊಡನೆ ಸ್ಪರ್ಧಿಸುವ ಕಾಗದದ ಮೇಲಿನ ತಂಡ) ಎರಡು ವಾರ ಮರೆತುಬಿಡುವುದು ಸುಲಭ, ಆದರೆ ಲೀಗ್ ಕೈತಪ್ಪುವುದೂ ಆ ಎರಡು ವಾರದಲ್ಲೇ. ಒಂದು ಸಂಜೆ ನೋಟ್‌ಬುಕ್ ಹಿಡಿದು ಒಂದೂವರೆ ತಾಸು ಕೂತರೆ ಈ ಲೆಕ್ಕವೆಲ್ಲ ಮುಗಿಯುತ್ತದೆ.

ಮೊದಲೇ ತಿಳಿದಿರಬೇಕಾದ್ದು ಇಷ್ಟು: ಪಟ್ಟಿಯಲ್ಲಿ ಕಾಣುವ ಸ್ಥಾನ ಹಸಿ ಅಡಿಕೆಯ ತೂಕದ ಹಾಗೆ. ಒಣಗಿದ ಮೇಲೆ ಎಷ್ಟು ಉಳಿಯುತ್ತದೆ ಎಂಬುದೇ ಮುಖ್ಯ. ಅದಕ್ಕೆ ನೋಡಬೇಕಾದ್ದು ಆಡಿದ ಪಂದ್ಯಗಳ ಸಂಖ್ಯೆ ಮತ್ತು ಕೆಟಗರಿಗಳ ನಡುವಿನ ಅಂತರ. ಎಷ್ಟನೇ ಸ್ಥಾನ ಎಂಬುದು ಕೊನೆಯ ಮಾತು.

ರೋಟೋ ಲೀಗ್ ಆದರೆ ಪಂದ್ಯ ಎಣಿಸಿ

ರೋಟೋ ಎಂದರೆ ಇಡೀ ಸೀಸನ್‌ನ ಅಂಕಿಗಳಿಗೆ ಕೆಟಗರಿವಾರು ಸ್ಥಾನ ಕೊಟ್ಟು ಪಾಯಿಂಟ್ ಕೂಡಿಸುವ ಲೀಗ್. ಸಾಮಾನ್ಯ ಲೀಗ್‌ನಲ್ಲಿ ಒಂಬತ್ತು ಕೆಟಗರಿ: ಪಾಯಿಂಟ್, ರೀಬೌಂಡ್ (ತಪ್ಪಿದ ಎಸೆತದ ಚೆಂಡು ಹಿಡಿಯುವುದು), ಅಸಿಸ್ಟ್ (ಬುಟ್ಟಿಗೆ ಬೀಳುವ ಎಸೆತಕ್ಕೆ ಚೆಂಡು ಕೊಡುವುದು), ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು), ಬ್ಲಾಕ್ (ಎದುರಾಳಿಯ ಎಸೆತ ತಡೆಯುವುದು), ತ್ರೀ ಪಾಯಿಂಟರ್, ಫೀಲ್ಡ್ ಗೋಲ್ (ಆಟದ ನಡುವಿನ ಎಸೆತ) ಶೇಕಡಾ, ಫ್ರೀ ಥ್ರೋ (ಫೌಲ್‌ಗೆ ಸಿಗುವ ಎಸೆತ) ಶೇಕಡಾ, ಟರ್ನೋವರ್ (ಚೆಂಡು ಕಳೆದುಕೊಳ್ಳುವುದು). ಟರ್ನೋವರ್ ಮಾತ್ರ ಕಡಿಮೆ ಇದ್ದಷ್ಟೂ ಒಳ್ಳೆಯದು. ಹತ್ತು ತಂಡಗಳ ರೋಟೋ ಲೀಗ್‌ನಲ್ಲಿ ಪ್ರತಿ ಕೆಟಗರಿಯಲ್ಲೂ ಮೊದಲಿಗನಿಗೆ 10, ಕೊನೆಯವನಿಗೆ 1. ಎಲ್ಲದರಲ್ಲೂ ಮೊದಲು ಬಂದರೆ 90.

ಯಾಹೂ ಥರದ ಫ್ಯಾಂಟಸಿ ತಾಣಗಳಲ್ಲಿ ರೋಟೋದಲ್ಲಿ ಆಡಿಸುವ ಪ್ರತಿ ಸ್ಥಾನಕ್ಕೂ (ಗಾರ್ಡ್, ಫಾರ್ವರ್ಡ್, ಸೆಂಟರ್ ಇತ್ಯಾದಿ) 82 ಪಂದ್ಯಗಳ ಮಿತಿ ಇಡುವುದು ರೂಢಿ; ಒಬ್ಬ ಆಟಗಾರ ಆಡಿದ ಒಂದು ಪಂದ್ಯಕ್ಕೆ ಒಂದು ಲೆಕ್ಕ. ಹತ್ತು ಸ್ಥಾನ ಇದ್ದರೆ ಇಡೀ ಸೀಸನ್‌ಗೆ 820. ಅರ್ಧಕ್ಕೆ ಬರುವಾಗ 410 ಬಳಸಿದ್ದರೆ ಸರಿಯಾದ ವೇಗ. ಈಗ ಒಂದು ಉದಾಹರಣೆ. ಅಂಕೋಲೆಯವರ ತಂಡ 66 ಪಾಯಿಂಟ್ ಮಾಡಿ ಎರಡನೇ ಸ್ಥಾನದಲ್ಲಿದೆ, 430 ಪಂದ್ಯ ಬಳಸಿದೆ, ರೀಬೌಂಡ್ 2408. ಶಿರಸಿಯವರದ್ದು 61 ಪಾಯಿಂಟ್, ನಾಲ್ಕನೇ ಸ್ಥಾನ, 385 ಪಂದ್ಯ, ರೀಬೌಂಡ್ 2310. ಪಟ್ಟಿ ನೋಡಿದರೆ ಅಂಕೋಲೆ ಮುಂದೆ. ಪಂದ್ಯದಿಂದ ಭಾಗಿಸಿ: ಅಂಕೋಲೆ 5.6, ಶಿರಸಿ 6.0. ಇದೇ ಗತಿಯಲ್ಲಿ 820 ಮುಗಿಸಿದರೆ ಅಂಕೋಲೆಗೆ 4592, ಶಿರಸಿಗೆ 4920. ಈಗ ಹಿಂದಿರುವ ತಂಡವೇ ಕೊನೆಗೆ ಮುನ್ನೂರಕ್ಕೂ ಹೆಚ್ಚು ರೀಬೌಂಡ್ ಮುಂದಿರುತ್ತದೆ. ಹೀಗೆ ಒಟ್ಟು ಸಂಖ್ಯೆಯ ಏಳೂ ಕೆಟಗರಿಯನ್ನು ಎಲ್ಲಾ ತಂಡಗಳಿಗೂ ಭಾಗಿಸಿ ಹೊಸ ಪಟ್ಟಿ ಬರೆಯಿರಿ. ಶೇಕಡಾ ಕೆಟಗರಿ ಎರಡನ್ನು ಭಾಗಿಸುವುದು ಬೇಡ, ಇದ್ದ ಹಾಗೇ ತೆಗೆದುಕೊಳ್ಳಿ.

ಇಲ್ಲಿ ಹಲವರು ಎಡವುವ ಜಾಗ ಟರ್ನೋವರ್. ಕಡಿಮೆ ಪಂದ್ಯ ಆಡಿಸಿದ ತಂಡ ಟರ್ನೋವರ್‌ನಲ್ಲಿ ಮೇಲೆ ಕಾಣುತ್ತದೆ. ಅದು ಸಾಲದ ಪಾಯಿಂಟ್. ಪಂದ್ಯ ತುಂಬಿದ ಹಾಗೆ ಕೈಬಿಟ್ಟು ಹೋಗುತ್ತದೆ. ಭಾಗಿಸಿದ ಪಟ್ಟಿಯಲ್ಲಿ ಬರುವ ಸ್ಥಾನವನ್ನೇ ನಂಬಿ.

ಪಂದ್ಯ ಹಿಂದೆ ಬಿದ್ದಿದ್ದರೆ ಯಾವ ಸ್ಥಾನದಲ್ಲಿ ಬಿದ್ದಿದೆ ಎಂದು ನೋಡಿ. ಬಹಳ ಸಲ ಅದು ಸೆಂಟರ್. ಎರಡು ಸೆಂಟರ್ ಜಾಗ ಇದ್ದರೆ 164 ಪಂದ್ಯ ಬೇಕು, ತಂಡದಲ್ಲಿ ಇರುವುದು ಇಬ್ಬರೇ ಸೆಂಟರ್, ಅದರಲ್ಲೊಬ್ಬ ಗಾಯಾಳು. ಗಾರ್ಡ್ ಜಾಗದಲ್ಲಿ ಮಿತಿ ಬೇಗ ತುಂಬಿ ಮಾರ್ಚ್‌ನಲ್ಲಿ ಒಳ್ಳೆಯ ಗಾರ್ಡ್ ಬೆಂಚ್ ಮೇಲೆ ಕೂರುತ್ತಾನೆ, ಸೆಂಟರ್ ಜಾಗ ಖಾಲಿ ಹೋಗುತ್ತದೆ. ಫಾರ್ವರ್ಡ್ ಮತ್ತು ಸೆಂಟರ್ ಎರಡಕ್ಕೂ ಸಲ್ಲುವ ಒಬ್ಬನನ್ನು ಈಗಲೇ ಹಿಡಿದಿಡಿ.

ಅಂತರ ಬರೆಯಿರಿ

ಹೊಸ ಪಟ್ಟಿಯಲ್ಲಿ ಪ್ರತಿ ಕೆಟಗರಿಗೂ ಎರಡು ಸಂಖ್ಯೆ ಬರೆಯಿರಿ: ನಿಮಗಿಂತ ಮೇಲಿನ ತಂಡಕ್ಕೆ ಎಷ್ಟು ದೂರ, ಕೆಳಗಿನ ತಂಡ ಎಷ್ಟು ದೂರ. ಟ್ರೇಡ್‌ನ (ಇನ್ನೊಂದು ತಂಡದೊಡನೆ ಆಟಗಾರರ ಅದಲುಬದಲು) ಜೀವವೇ ಇದು, ಅವಸರ ಮಾಡಬೇಡಿ.

ಸೀಸನ್ ಕೊನೆಯ ಅಂದಾಜಿನಲ್ಲಿ ನಿಮ್ಮ ಅಸಿಸ್ಟ್ ಮೇಲಿನವನಿಗಿಂತ 190 ಕಡಿಮೆ, ಕೆಳಗಿನವನಿಗಿಂತ 210 ಹೆಚ್ಚು ಎಂದಿಟ್ಟುಕೊಳ್ಳಿ. ಅಲ್ಲಿ ನೀವು ಬೀಗ ಹಾಕಿ ಕೂತಿದ್ದೀರಿ. ನೂರೈವತ್ತು ಅಸಿಸ್ಟ್ ಕೊಟ್ಟರೂ ಒಂದು ಪಾಯಿಂಟೂ ಹೋಗುವುದಿಲ್ಲ. ಸ್ಟೀಲ್‌ನಲ್ಲಿ ಮೇಲಿನ ಮೂರು ತಂಡಗಳು 25ರ ಒಳಗೆ ಸಿಗುತ್ತವೆ ಎಂದಾದರೆ ಆ 25 ಸ್ಟೀಲ್‌ಗೆ ಮೂರು ಪಾಯಿಂಟ್ ಬೆಲೆ. ಅಸಿಸ್ಟ್ ಕೊಟ್ಟು ಸ್ಟೀಲ್ ತರಬೇಕು. 2024-25ರಲ್ಲಿ ಅಟ್ಲಾಂಟಾದ ಡೈಸನ್ ಡೇನಿಯಲ್ಸ್ ಪಂದ್ಯಕ್ಕೆ 3 ಸ್ಟೀಲ್ ಮಾಡಿದರು. ಉಳಿದ ನಲವತ್ತು ಪಂದ್ಯಕ್ಕೆ ಅಂಥವನೊಬ್ಬ ಬಂದರೆ, ಪಂದ್ಯಕ್ಕೆ ಒಂದು ಸ್ಟೀಲ್ ಮಾಡುವವನ ಬದಲಿಗೆ 80 ಸ್ಟೀಲ್ ಹೆಚ್ಚು. ಅವರ ಪಾಯಿಂಟ್ ಸರಾಸರಿ ನೋಡಿ ಮೂಗು ಮುರಿಯುವವರಿಗೆ ಈ ಲೆಕ್ಕ ಕಾಣುವುದಿಲ್ಲ.

ಶೇಕಡಾ ಕೆಟಗರಿಯಲ್ಲಿ ಎಸೆತಗಳ ಸಂಖ್ಯೆಯೂ ತೂಗುತ್ತದೆ. ಯಾನಿಸ್ ಆಂಟೆಟೊಕುಂಪೊ 2024-25ರಲ್ಲಿ ಪಂದ್ಯಕ್ಕೆ ಹತ್ತರ ಮೇಲೆ ಫ್ರೀ ಥ್ರೋ ಎಸೆದರು, ಹಾಕಿದ್ದು ಶೇ. 62ರ ಆಸುಪಾಸು. ಲೀಗ್ ಸರಾಸರಿ ಶೇ. 78ರ ಸುತ್ತ. ಅಂದರೆ ಪಂದ್ಯಕ್ಕೆ 1.6 ಎಸೆತ ನಷ್ಟ. ಸ್ಟೀಫನ್ ಕರಿ ಶೇ. 93ರಷ್ಟು ಹಾಕಿದರೂ ಎಸೆಯುವುದು ನಾಲ್ಕೂವರೆಯ ಹತ್ತಿರ, ಲಾಭ 0.7. ಇಬ್ಬರು ಕರಿ ಇದ್ದರೂ ಒಬ್ಬ ಯಾನಿಸ್‌ನ ಹೊಂಡ ತುಂಬುವುದಿಲ್ಲ. ಆದ್ದರಿಂದ ಯಾನಿಸ್ ಇರುವ ತಂಡ ಫ್ರೀ ಥ್ರೋವನ್ನು ಕೈಬಿಟ್ಟು ಉಳಿದ ಎಂಟರಲ್ಲಿ ಆಡುವುದೇ ಸರಿ. ಜನವರಿಯಲ್ಲಿ ಫ್ರೀ ಥ್ರೋದಲ್ಲಿ ಒಂಬತ್ತನೇ ಸ್ಥಾನ ಎಂದು ಗಾಬರಿಯಾಗಿ ಶೂಟರ್‌ಗಳನ್ನು ತಂದರೆ ಆ ಕೆಟಗರಿಯೂ ಸಿಗುವುದಿಲ್ಲ, ಬ್ಲಾಕ್, ರೀಬೌಂಡ್ ಕೂಡ ಹೋಗುತ್ತವೆ. ರೋಟೋದಲ್ಲಿ ಮಾತ್ರ ಒಂದು ಎಚ್ಚರ: ಕೈಬಿಟ್ಟ ಪ್ರತಿ ಕೆಟಗರಿಯೂ ಒಂಬತ್ತು ಪಾಯಿಂಟ್ ನುಂಗುತ್ತದೆ. ಒಂದಕ್ಕಿಂತ ಹೆಚ್ಚು ಬಿಟ್ಟರೆ ಗೆಲುವು ದೂರ.

ಹೆಡ್-ಟು-ಹೆಡ್: ಅದೃಷ್ಟವನ್ನು ಬೇರೆ ಮಾಡಿ

ವಾರಕ್ಕೊಬ್ಬ ಎದುರಾಳಿ ಇರುವ ಲೀಗ್‌ನಲ್ಲಿ ಯಾವ ವಾರ ಯಾರು ಎದುರಾಗುತ್ತಾರೆ ಎಂಬ ಅದೃಷ್ಟ ಬಹಳ. ಎದುರಿನವನು ಚೆನ್ನಾಗಿ ಆಡಿದ ವಾರಗಳೆಲ್ಲ ನಿಮ್ಮ ಪಾಲಿಗೇ ಬಂದಿರಬಹುದು. ಪರೀಕ್ಷೆ ಹೀಗೆ: ಪ್ರತಿ ವಾರದ ನಿಮ್ಮ ಸಂಖ್ಯೆಗಳನ್ನು ಉಳಿದ ಒಂಬತ್ತೂ ತಂಡಗಳ ಆ ವಾರದ ಸಂಖ್ಯೆಗಳ ಎದುರು ಇಡಿ. ಎಷ್ಟು ಜನರನ್ನು ಸೋಲಿಸುತ್ತಿದ್ದಿರಿ? 12 ವಾರಕ್ಕೆ ಒಟ್ಟು 108 ಹೋಲಿಕೆ. ನಿಜದಲ್ಲಿ 5 ಗೆಲುವು 7 ಸೋಲು, ಆದರೆ ಈ ಲೆಕ್ಕದಲ್ಲಿ 70-38 ಬಂದರೆ ತಂಡ ಗಟ್ಟಿಯಿದೆ, ಕೈ ಹಾಕಬೇಡಿ. 8-4 ಇದ್ದು ಹೋಲಿಕೆಯಲ್ಲಿ 50-58 ಬಂದರೆ ಈಗಲೇ ಬದಲಾವಣೆ ಮಾಡಿ, ನಿಮ್ಮ ಆಟಗಾರರಿಗೆ ಬೆಲೆ ಇರುವುದು ಈಗ.

ಆಟಗಾರನನ್ನು ಅಳೆಯುವುದು

ಕೊನೆಯ ಹದಿನೈದು ದಿನದ ಅಂಕಿ ಮಾತ್ರ ನೋಡಿ ತೀರ್ಮಾನಿಸುವವರು ಜಾಸ್ತಿ. ಮೊದಲು ನೋಡಬೇಕಾದ್ದು ಮಿನಿಟು. 34 ಮಿನಿಟ್ ಆಡುತ್ತಲೇ ಇದ್ದು ಶೂಟಿಂಗ್ ಕೆಟ್ಟಿದ್ದರೆ ಕಾಯಿರಿ, ಹಿಂದಿನ ಸೀಸನ್‌ಗಳ ಶೇಕಡಾಕ್ಕೆ ಬಹುತೇಕ ವಾಪಸಾಗುತ್ತಾನೆ. ಮಿನಿಟು 34ರಿಂದ 27ಕ್ಕೆ ಇಳಿದಿದ್ದರೆ, ಶೂಟಿಂಗ್ ಎಷ್ಟೇ ಚೆನ್ನಾಗಿರಲಿ, ಕೊಡುವ ದಾರಿ ನೋಡಿ. ಗಾಯಾಳು ತಾರೆ ವಾಪಸು ಬಂದಾಗ ಯಾರ ಮಿನಿಟು ಹೋಗುತ್ತದೆ ಎಂಬುದನ್ನು ಆತ ಬರುವ ಮೊದಲೇ ಯೋಚಿಸಿ.

ಒಂದು ಕೆಟಗರಿಯನ್ನು ಒಬ್ಬನ ಹೆಗಲ ಮೇಲೆ ಹೊರಿಸಬೇಡಿ. ವಿಕ್ಟರ್ ವೆಂಬನ್ಯಾಮಾ 2024-25ರಲ್ಲಿ ಪಂದ್ಯಕ್ಕೆ 3.8 ಬ್ಲಾಕ್ ಮಾಡುತ್ತಿದ್ದರು. 2025ರ ಫೆಬ್ರವರಿಯಲ್ಲಿ ಭುಜದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಗೊತ್ತಾಗಿ 46 ಪಂದ್ಯಕ್ಕೇ ಸೀಸನ್ ಮುಗಿಯಿತು. ಅದೇ ತಿಂಗಳ ಶುರುವಿಗೆ ಎನ್‌ಬಿಎ ತಂಡಗಳ ನಡುವಿನ ಟ್ರೇಡ್‌ನಲ್ಲಿ ಲೂಕಾ ಡೊಂಚಿಚ್ ಲೇಕರ್ಸ್‌ಗೆ, ಆಂಥೊನಿ ಡೇವಿಸ್ ಡಲ್ಲಾಸ್‌ಗೆ ಹೋದರು. ಡೇವಿಸ್ ಹೊಸ ತಂಡದ ಮೊದಲ ಪಂದ್ಯದಲ್ಲೇ ಗಾಯಗೊಂಡು ಮಾರ್ಚ್ ಕೊನೆಯವರೆಗೆ ಹೊರಗುಳಿದರು. ಎನ್‌ಬಿಎ ಟ್ರೇಡ್ ಗಡುವು ಫೆಬ್ರವರಿ ಮೊದಲ ಭಾಗದಲ್ಲಿ ಬರುತ್ತದೆ. ನಿಮ್ಮ ಲೀಗ್‌ನ ಟ್ರೇಡ್ ಗಡುವು ಬೇರೆ, ಸೆಟ್ಟಿಂಗ್ಸ್‌ನಲ್ಲಿ ತೆಗೆದು ನೋಡಿ ಈಗಲೇ ಬರೆದಿಡಿ.

2023-24ರಿಂದ ದೊಡ್ಡ ಪ್ರಶಸ್ತಿಗಳಿಗೆ ಕನಿಷ್ಠ 65 ಪಂದ್ಯ ಆಡಿರಬೇಕೆಂಬ ನಿಯಮವಿದೆ. ಜನವರಿಗೇ 17ಕ್ಕಿಂತ ಹೆಚ್ಚು ಪಂದ್ಯ ತಪ್ಪಿಸಿಕೊಂಡ ತಾರೆಗೆ ಆ ಹಂಗಿಲ್ಲ. ವಿಶ್ರಾಂತಿ ಹೆಚ್ಚಬಹುದು ಎಂದು ಲೆಕ್ಕ ಹಾಕಿ. ತಳದಲ್ಲಿರುವ ತಂಡಗಳ ಹಿರಿಯ ಆಟಗಾರರ ಕತೆಯೂ ಅಷ್ಟೇ. ಮಾರ್ಚ್‌ನಲ್ಲಿ ಅವರನ್ನು ಕೂರಿಸಿ ಹುಡುಗರನ್ನು ಆಡಿಸುತ್ತಾರೆ. ಅಂಥವರನ್ನು ಜನವರಿಯಲ್ಲೇ ದಾಟಿಸಿ.

ಟ್ರೇಡ್ ಕೇಳುವಾಗ ಆ್ಯಪ್‌ನಲ್ಲಿ ಬಟನ್ ಒತ್ತುವ ಮೊದಲು ಫೋನ್ ಮಾಡಿ. ನಿಮಗೇನು ಬೇಕು ಎಂಬುದಕ್ಕಿಂತ ಮೊದಲು ಅವರಿಗೇನು ಸಿಗುತ್ತದೆ ಎಂದು ಹೇಳಿ: "ಭಾವ, ನಿಂಗೆ ಬ್ಲಾಕು ಕಮ್ಮಿ ಇದ್ದು, ಯಂಗೆ ಸ್ಟೀಲು ಕಮ್ಮಿ ಇದ್ದು. ಬದ್ಲಾಯ್ಸಿ ನೋಡನ?" ಎರಡು ಕಡೆಯ ಅಂತರವನ್ನೂ ತೋರಿಸಿದರೆ ಮಾತು ಬೇಗ ಮುಗಿಯುತ್ತದೆ. ಇಬ್ಬರು ಸಾಧಾರಣ ಆಟಗಾರರನ್ನು ಕೊಟ್ಟು ಒಬ್ಬ ತಾರೆಯನ್ನು ಕೇಳಿದರೆ ಎದುರಿನವರು ಯಾರನ್ನಾದರೂ ಕೈಬಿಡಬೇಕಾಗುತ್ತದೆ; ಆ ಹೆಸರನ್ನೂ ನೀವೇ ಸೂಚಿಸಿ. ಲೀಗ್ ನಡೆಸುವವರಿಗೆ ಒಂದು ಮಾತು: 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಗೆಳೆಯರ ಲೀಗ್ ಹಣವಿಲ್ಲದೆಯೇ ನಡೆಯಲಿ. ಎರಡು ವಾರ ಲೈನ್‌ಅಪ್ (ಆ ದಿನ ಆಡಿಸುವವರ ಪಟ್ಟಿ) ಹಾಕದ ತಂಡವನ್ನು ಜನವರಿಯಲ್ಲೇ ಬೇರೆಯವರಿಗೆ ವಹಿಸಿ. ಬಿಟ್ಟುಹೋದ ತಂಡ ಎದುರಾದವರಿಗೆ ಪುಕ್ಕಟೆ ಗೆಲುವು ಸಿಕ್ಕಿ ಇಡೀ ಪಟ್ಟಿ ಕೆಡುತ್ತದೆ.

ನಮ್ಮ ಗಡಿಯಾರ

ಅಮೆರಿಕದ ಪೂರ್ವ ಭಾಗದ ಸಂಜೆ 7ರ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಿಗ್ಗೆ 5.30ಕ್ಕೆ. ಪಶ್ಚಿಮದ ತಡ ಪಂದ್ಯಗಳು 8.30, 9ರ ಹೊತ್ತಿಗೆ. ಆಟಗಾರನ ಪಂದ್ಯ ಶುರುವಾದೊಡನೆ ಅವನ ಜಾಗ ಲಾಕ್, ಆಮೇಲೆ ಬದಲಿಸಲಾಗದು. ರಾತ್ರಿ ಮಲಗುವಾಗ ಲೈನ್‌ಅಪ್ ಹಾಕಿಡಿ, 5.15ಕ್ಕೊಮ್ಮೆ ಗಾಯಾಳುಗಳ ಪಟ್ಟಿ ನೋಡಿ ಬದಲಿಸಿ. ಸತತ ಎರಡು ದಿನ ಆಡುವ ತಂಡಗಳು ಎರಡನೇ ದಿನದ ಪಟ್ಟಿಯನ್ನು ಅಲ್ಲಿನ ಮಧ್ಯಾಹ್ನ 1ರೊಳಗೆ ಕೊಡಬೇಕು. ಪೂರ್ವದ ತಂಡಗಳಿಗೆ ಅದು ನಮ್ಮ ರಾತ್ರಿ 11.30. ಶಿರಸಿಯಿಂದ ಬೆಳಗಿನ ಬಸ್ಸಿಗೆ ಕುಮಟಾಕ್ಕೆ ಇಳಿಯುವವರು ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್ ಸಿಗುತ್ತದೆಂದು ನಂಬಬೇಡಿ, ಬಸ್ ಹತ್ತುವ ಮೊದಲೇ ಮುಗಿಸಿ.

ಜನವರಿಯ ಮೂರನೇ ಸೋಮವಾರ, ಮಾರ್ಟಿನ್ ಲೂಥರ್ ಕಿಂಗ್ ದಿನ, ಅಲ್ಲಿ ಮಧ್ಯಾಹ್ನದಿಂದಲೇ ಪಂದ್ಯಗಳು. ನಮಗೆ ಸೋಮವಾರ ರಾತ್ರಿಯೇ ಲಾಕ್ ಶುರು. ಬೆಳಿಗ್ಗೆ ನೋಡಿದರಾಯಿತು ಎಂದವರು ಆ ದಿನ ಮೂರ್ನಾಲ್ಕು ಪಂದ್ಯ ಕಳೆದುಕೊಳ್ಳುತ್ತಾರೆ.

ಅಲ್ಲಿನ ಬುಧವಾರ, ಶುಕ್ರವಾರ, ಅಂದರೆ ನಮ್ಮ ಗುರುವಾರ, ಶನಿವಾರದ ಬೆಳಿಗ್ಗೆ, ಪಂದ್ಯಗಳು ತುಂಬಿರುತ್ತವೆ. ಬೆಂಚ್ ಮೇಲೆ ಒಳ್ಳೆಯವರೂ ಉಳಿಯುತ್ತಾರೆ. ನಮ್ಮ ಶುಕ್ರವಾರದ ಬೆಳಿಗ್ಗೆ ಪಂದ್ಯ ಕಡಿಮೆ. ತಂಡದ ಕೊನೆಯ ಜಾಗಕ್ಕೆ ಆಟಗಾರನನ್ನು ಆರಿಸುವಾಗ ವಾರಕ್ಕೆ ನಾಲ್ಕು ಪಂದ್ಯ ಇದೆಯೇ ಎಂಬುದರ ಜೊತೆ, ಅವು ಖಾಲಿ ದಿನಗಳಲ್ಲಿವೆಯೇ ಎಂದೂ ನೋಡಿ.

ಫೆಬ್ರವರಿ ಮಧ್ಯದಲ್ಲಿ ಆಲ್-ಸ್ಟಾರ್ ಬಿಡುವು. ಹಲವು ಹೆಡ್-ಟು-ಹೆಡ್ ಲೀಗ್‌ಗಳು ಆ ಎರಡು ವಾರವನ್ನು ಒಂದೇ ಪಂದ್ಯವಾಗಿ ಎಣಿಸುತ್ತವೆ. ಫ್ಯಾಂಟಸಿ ಲೀಗ್‌ನ ಪ್ಲೇಆಫ್ (ಮೇಲಿನ ತಂಡಗಳ ಕೊನೆಯ ಸುತ್ತು) ಮಾರ್ಚ್‌ನಲ್ಲಿ. ಆ ವಾರಗಳಲ್ಲಿ ಯಾವ ತಂಡಕ್ಕೆ ಎಷ್ಟು ಪಂದ್ಯ ಎಂದು ಜನವರಿಯಲ್ಲೇ ಎಣಿಸಿ, ಟ್ರೇಡ್‌ನಲ್ಲಿ ಇಬ್ಬರು ಸಮವಾಗಿ ಕಂಡರೆ ಹೆಚ್ಚು ಪಂದ್ಯ ಇರುವವನನ್ನು ಆರಿಸಿ. ಶಿರಸಿಯವರಿಗೆ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ಜಾತ್ರೆಯ ವರ್ಷ ಒಂದು ವಾರದ ಲೈನ್‌ಅಪ್ ಅನ್ನು ಮುಂಚಿತವಾಗಿ ತುಂಬಿಡಿ. ಮಾರ್ಚ್‌ನ ಎರಡನೇ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ತಾಸು ಮುಂದೆ ಹೋಗುತ್ತದೆ. ಅಲ್ಲಿಂದ ಮೊದಲ ಲಾಕ್ ನಮಗೆ 5.30 ಅಲ್ಲ, 4.30. ಅಲಾರಾಂ ಬದಲಿಸಿ.