ಮೀಟಿಯರ್ ಸವಾರನಿಗೆ ಆರ್‌ಆರ್ 310 ಒಗ್ಗಿದ್ದು ಹೇಗೆ

ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಎಂಬ ನೆಟ್ಟಗೆ ಕೂರುವ ಕ್ರೂಸರ್ ಬೈಕು ಓಡಿಸುತ್ತಿದ್ದ ನಾನು, ಮುಂದಕ್ಕೆ ಬಗ್ಗಿ ಕೂರುವ ಟಿವಿಎಸ್ ಸ್ಪೋರ್ಟ್ಸ್ ಬೈಕು ಅಪಾಚೆ ಆರ್‌ಆರ್ 310 ತಗೊಂಡಾಗ ನಮ್ಮ ಕೇರಳ ಗಡಿಯ ಕಾಸರಗೋಡಿನ ಬದಿಯಡ್ಕ–ಪೆರ್ಲ ಕಡೆಯ ಬುಲೆಟ್ ಬಳಗದಲ್ಲಿ ಒಬ್ಬರೂ ಒಳ್ಳೆ ಮಾತು ಆಡಲಿಲ್ಲ. "ನಲವತ್ತಾರರ ಪ್ರಾಯಕ್ಕೆ ಹಾಗೆ ಬಗ್ಗಿ ಕೂತರೆ ಆಮೇಲೆ ನೆಟ್ಟಗಾಗಲು ಪಂಡಿತರ ಹತ್ತಿರ ಎಣ್ಣೆ ಹಾಕಿಸಬೇಕಷ್ಟೆ" ಅಂದರು ಒಬ್ಬರು. ಭಾವ ಅಂತೂ "ಮಳೆಗಾಲ ಕಳೆಯುವ ಮೊದಲು ಮಾರ್ತೀರಿ, ಬರೆದಿಟ್ಕೊಳ್ಳಿ" ಎಂದುಬಿಟ್ಟ. ಮಳೆಗಾಲ ಕಳೆಯಿತು, ಬೇಸಿಗೆಯೂ ಬಂತು, ಬೈಕು ಅಂಗಳದಲ್ಲೇ ಇದೆ. ಮೊನ್ನೆ ಭಾಗಮಂಡಲಕ್ಕೆ ಹೋಗಿ ಅದೇ ದಿನ ವಾಪಸ್ ಬಂದೆ. ಸಂಜೆ ತೋಟಕ್ಕಿಳಿದು ಸ್ಪ್ರಿಂಕ್ಲರ್ ಕೂಡ ತಿರುಗಿಸಿದೆ. ಕೈ ನೋವಿಲ್ಲ, ಬೆನ್ನು ನೋವಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹುಚ್ಚು ಹಿಡಿಸಿದ್ದು ಅಳಿಯನ ಯಮಹಾ ಆರ್15 ವಿ3 ಸ್ಪೋರ್ಟ್ಸ್ ಬೈಕು. ರಜೆಯಲ್ಲಿ ಮಂಗಳೂರಿನಿಂದ ತಂದಿದ್ದ. "ಮಾವಾ, ಏಳು ಸಾವಿರ ದಾಟಿಸಿ, ಆಮೇಲೆ ಮಾತಾಡಿ" ಎಂದ. ಅವನು ಹೇಳಿದ್ದು ಸರಿಯೇ. ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ಏಳೂವರೆ ಸಾವಿರದ ಹತ್ತಿರ ಬಂದು ವಿವಿಎ (ವಾಲ್ವುಗಳ ತೆರೆತ ಬದಲಿಸುವ ವ್ಯವಸ್ಥೆ) ಕೆಲಸಕ್ಕಿಳಿದ ಮೇಲೆ ಅದರ ಗತ್ತೇ ಬೇರೆ. 155 ಸಿಸಿಯಿಂದ ಸುಮಾರು ನನ್ನ 350ರಷ್ಟೇ ಪವರ್, ತೂಕ ಮಾತ್ರ ಐವತ್ತು ಕಿಲೋ ಕಡಿಮೆ. ಆದರೆ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಇಲ್ಲ. ನಮ್ಮ ಮನೆಯ ಚಡವು ಹತ್ತುವಾಗ ಕ್ಲಚ್ಚು ಅರ್ಧ ಹಿಡಿದೇ ಬರಬೇಕಾಯಿತು. ಇನ್ನೊಂದು ಸ್ವಲ್ಪ ದೊಡ್ಡದು ಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಹೊಸತಕ್ಕೆ ದುಡ್ಡು ಹಾಕುವುದು ನನಗೆ ಮೊದಲಿನಿಂದಲೂ ಇಷ್ಟವಿಲ್ಲ. ಆರ್‌ಆರ್ 310 2017ರ ಡಿಸೆಂಬರಿನಲ್ಲಿ ಬಂದಾಗ ಶೋರೂಂ ಬೆಲೆ 2.05 ಲಕ್ಷ. 2020ರಲ್ಲಿ ಬಿಎಸ್6 (ಹೊಸ ಹೊಗೆ ನಿಯಮದ) ಮಾದರಿ ಬರುವಾಗ 2.40. ನನಗೆ ಬೇಕಿದ್ದದ್ದು ಬಿಎಸ್6, ಯಾಕೆಂದರೆ ಅದರಲ್ಲಿ ರೈಡ್ ಮೋಡ್ (ಮಳೆಗೆ, ಪೇಟೆಗೆ ತಕ್ಕಂತೆ ಪವರ್ ಬದಲಿಸುವ ವ್ಯವಸ್ಥೆ) ಇದೆ. ಮಂಗಳೂರಿನಲ್ಲಿ ಕೆಎ-19, ಅಂದರೆ ಕರ್ನಾಟಕದ ನಂಬರಿನ ಗಾಡಿಗಳು ಹತ್ತು ಹದಿನೈದು ಸಾವಿರ ಅಗ್ಗಕ್ಕೆ ಬೇಕಾದಷ್ಟಿದ್ದವು. ಗಡಿಯವರಿಗೆ ಗೊತ್ತಿರುವ ಕಥೆಯೇ ಇದು: ಅಲ್ಲಿಂದ ಎನ್‌ಒಸಿ, ಇಲ್ಲಿ ಮತ್ತೆ ಟ್ಯಾಕ್ಸ್, ಆಮೇಲೆ ನಂಬರ್. ಲೆಕ್ಕ ಹಾಕಿದರೆ ಅಗ್ಗವಾದದ್ದೆಲ್ಲ ಅಲ್ಲೇ ಹೋಗುತ್ತದೆ. ಕೊನೆಗೆ ಕಾಞಂಗಾಡಿನಲ್ಲಿ ಕೇರಳದ ಕೆಎಲ್-60 ನಂಬರಿನದ್ದು ಒಂದು ಸಿಕ್ಕಿತು. ಓಡಿದ್ದು ಹದಿನೆಂಟು ಸಾವಿರ ಚಿಲ್ಲರೆ. 1.80 ಹೇಳಿದ್ದನ್ನು 1.68ಕ್ಕೆ ಇಳಿಸಿದೆ. ಎರಡೂ ಬೈಕು 350 ಸಿಸಿಯೊಳಗೆ ಇರುವುದರಿಂದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಂದೇ ದರ, 2022ರ ಪಟ್ಟಿಯಂತೆ 1,366 ಮತ್ತು ಜಿಎಸ್‌ಟಿ. ಮೀಟಿಯರ್ ಮಾರಿಲ್ಲ. ಹೆಂಡತಿ ಕೂರುವುದು ಅದರಲ್ಲಿ ಮಾತ್ರ.

ಈಗ ಮುಖ್ಯ ವಿಷಯ. ಮೀಟಿಯರಿನ ಟಾರ್ಕ್, ಅಂದರೆ ಎಂಜಿನ್ನಿನ ಎಳೆಯುವ ಬಲ, 27 ಎನ್‌ಎಂ, ಸಿಗುವುದು 4,000 ಆರ್‌ಪಿಎಂಗೆ. ಆರ್‌ಆರ್‌ನದ್ದು 27.3. ಅಂದರೆ ಒಂದೇ. ಆದರೆ ಅದು ಬರುವುದು 7,700ಕ್ಕೆ. ಕ್ರೂಸರ್‌ನವರು ಸ್ಪೋರ್ಟ್ಸ್ ಬೈಕು ಓಡಿಸಿ "ಎಳೆಯುವುದಿಲ್ಲ, ನಡುಗುತ್ತದೆ, ಬಿಸಿ" ಎಂದು ಬಯ್ಯುವುದರ ಹಿಂದಿರುವುದು ಇದೇ. ಮೂರು ಸಾವಿರಕ್ಕೆ ಗೇರ್ ಏರಿಸಿ ಏರಿಸಿ ಟಾಪಿಗೆ ಹಾಕುವುದು ನಮ್ಮ ರಕ್ತದಲ್ಲಿದೆ. ಇದರಲ್ಲಿ ಹಾಗೆ ಮಾಡಿದರೆ ಎಂಜಿನ್ ಕುಟ್ಟುತ್ತದೆ. ಹಾಗಾಗಿ ಮೊದಲ ಒಂದೆರಡು ತಿಂಗಳು ಒಂದು ನಿಯಮ ಇಟ್ಟುಕೊಂಡೆ: ಐದು ಸಾವಿರಕ್ಕಿಂತ ಮೊದಲು ಮೇಲಿನ ಗೇರ್ ಇಲ್ಲ. ಕಿವಿಗೆ ಹಿಂಸೆ. ಪೆರ್ಲ ಪೇಟೆಯಲ್ಲಿ ಜನ ತಿರುಗಿ ನೋಡುತ್ತಿದ್ದರು. ಮೂರನೇ ವಾರಕ್ಕೆ ಕಿವಿ ಒಗ್ಗಿತು.

ಕಾಲಿನದ್ದು ಬೇರೆ ಕಥೆ. ಮೀಟಿಯರಿನಲ್ಲಿ ಗೇರ್ ಏರಿಸುವುದು ಹಿಮ್ಮಡಿಯಿಂದ. ಇಲ್ಲಿ ಹಿಮ್ಮಡಿ ಕೆಳಗೊತ್ತಿದರೆ ಬರೀ ಗಾಳಿ. ಜೊತೆಗೆ ಪೆಗ್ (ಕಾಲಿಡುವ ಕಡ್ಡಿ) ಇರುವುದು ಸೊಂಟದ ಕೆಳಗೆ, ಹಿಂದಕ್ಕೆ. ಟ್ರಾಫಿಕ್‌ನಲ್ಲಿ ನಿಲ್ಲಿಸಲು ಹೊರಟಾಗ ಎಡಗಾಲು ತಾನಾಗಿಯೇ ಮುಂದೆ ಹೋಗಿ ಬದಿಯ ಹೊದಿಕೆಗೆ, ಅಂದರೆ ಫೇರಿಂಗಿಗೆ ತಾಗುತ್ತಿತ್ತು. ಇದಕ್ಕೆ ಉಪಾಯ ಏನೂ ಇಲ್ಲ, ಓಡಿಸುತ್ತಾ ಹೋದರೆ ಹೋಗುತ್ತದೆ.

ಹೋಗದೆ ಉಳಿದದ್ದು ಮಣಿಕಟ್ಟಿನ ನೋವು. ಕುಂಬಳೆಗೆ ಹೋಗಿ ಬಂದರೆ ಸಾಕು, ಹೆಬ್ಬೆರಳಿನ ಬುಡ ಜುಮ್ ಅನ್ನುತ್ತಿತ್ತು. ಅಡಿಕೆ ಸುಲಿಯುವ ಕತ್ತಿ ಹಿಡಿಯಲು ಆಗುತ್ತಿರಲಿಲ್ಲ. ಇಲ್ಲಿ ನನ್ನ ದುಡ್ಡು ಹೋದ ಪಟ್ಟಿ ಸ್ವಲ್ಪ ಉದ್ದ. ಜೆಲ್ ಪ್ಯಾಡ್ ಇರುವ ಗ್ಲವ್ಸ್, ಸುಮಾರು 2,400. ಅಂಗೈ ಮೆತ್ತಗಾಯಿತು, ಜುಮ್ಮು ಹಾಗೇ ಉಳಿಯಿತು. ಆಮೇಲೆ ಹ್ಯಾಂಡಲನ್ನು ಎತ್ತರಿಸುವ ರೈಸರ್. ಬಳಗದವರೆಲ್ಲ ಒಂದೇ ಬಾಯಲ್ಲಿ ಹೇಳಿದ್ದು ಇದನ್ನೇ. ಆನ್‌ಲೈನಲ್ಲಿ ಮೂರು ಸಾವಿರದ ಮೇಲೆ ಕೊಟ್ಟು ತರಿಸಿದೆ. ಹಾಕಿ ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಹೆಬ್ಬೆರಳು ಫೇರಿಂಗಿಗೆ ಸಿಕ್ಕಿಕೊಳ್ಳುತ್ತದೆ, ಮುಂದಿನ ಬ್ರೇಕಿನ ಹೋಸು ಬಿಗಿದು ನಿಲ್ಲುತ್ತದೆ. ಉಪ್ಪಳದ ಮೆಕ್ಯಾನಿಕ್ ಇಚ್ಚ ನೋಡಿದವರೇ "ಇದರಲ್ಲಿ ಘಾಟಿ ಇಳಿಯಬೇಡಿ" ಎಂದು ಅಲ್ಲೇ ಬಿಚ್ಚಿಸಿದರು. ಅದೀಗ ಕೊಟ್ಟಿಗೆಯ ಅಟ್ಟದಲ್ಲಿ ಔಷಧಿ ಬಿಡುವ ಪಂಪಿನ ಪಕ್ಕ ಇದೆ. ಟ್ಯಾಂಕ್ ಬ್ಯಾಗಿನ ಮೇಲೆ ಹೊಟ್ಟೆ ಒರಗಿಸಿ ನೋಡಿದೆ. ನೇರ ರಸ್ತೆಯಲ್ಲಿ ಸ್ವರ್ಗ, ತಿರುವಿನಲ್ಲಿ ಹ್ಯಾಂಡಲೇ ತಿರುಗದು. ಜೆಲ್ ಸೀಟ್ ಕವರ್ ಹಾಕಿದ ಮೇಲೆ ಇನ್ನೂ ಜಾಸ್ತಿ ಮುಂದಕ್ಕೆ ಜಾರತೊಡಗಿದೆ.

ಆ ಜಾರುವಿಕೆಯೇ ರೋಗದ ಬೇರು. ಬ್ರೇಕ್ ಹಿಡಿದಾಗಲೆಲ್ಲ ಮೈ ಮುಂದಕ್ಕೆ ಬರುತ್ತದೆ. ತಡೆಯಲು ಬೇರೇನೂ ಇಲ್ಲದ್ದರಿಂದ ಕೈ ತಡೆಯುತ್ತದೆ. ಮೇಜಿನ ಮೇಲೆ ಅಂಗೈ ಊರಿ ಗಂಟೆಗಟ್ಟಲೆ ನಿಂತರೆ ಹೇಗಿರುತ್ತದೋ ಹಾಗೆ. ಬರೀ ನೋವಾದರೆ ಸಹಿಸಬಹುದಿತ್ತು. ಎರಡೂ ಕೈಯಲ್ಲಿ ಭಾರ ಹೇರಿದರೆ ಬೈಕು ತಿರುಗಲೂ ಒಪ್ಪುವುದಿಲ್ಲ. ಎಡಕ್ಕೆ ಹೋಗಬೇಕಾದರೆ ಎಡ ಹ್ಯಾಂಡಲ್ ಮೆತ್ತಗೆ ಮುಂದಕ್ಕೆ ಒತ್ತಬೇಕು ಅಲ್ವಾ? ಬಲಗೈಯೂ ಅಷ್ಟೇ ಒತ್ತುತ್ತಾ ಕೂತಿದ್ದರೆ ಒಂದು ಕೈ ಮಾಡಿದ್ದನ್ನು ಇನ್ನೊಂದು ಕೆಡಿಸುತ್ತದೆ. ಮೀಟಿಯರಿನ ಅಗಲ ಹ್ಯಾಂಡಲಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಇದರ ಗಿಡ್ಡ ಬಿಡಿ ಹ್ಯಾಂಡಲಿನಲ್ಲಿ, ಅಂದರೆ ಕ್ಲಿಪ್-ಆನ್‌ನಲ್ಲಿ ಎದ್ದು ಕಾಣುತ್ತದೆ.

ಹಾಗಾದರೆ ಭಾರ ಎಲ್ಲಿಗೆ ಹೋಗಬೇಕು? ತೊಡೆಗೆ, ಪೆಗ್ಗಿಗೆ, ಹೊಟ್ಟೆಗೆ. ಟ್ಯಾಂಕಿನಿಂದ ಒಂದು ಮುಷ್ಟಿ ಹಿಂದೆ ಕೂತೆ. ಪಾದದ ಮುಂಭಾಗ ಮಾತ್ರ ಪೆಗ್ಗಿನ ಮೇಲೆ. ಮೊಣಕಾಲಿನಿಂದ ಟ್ಯಾಂಕ್ ಅಮುಕಿ, ಮೊಣಕೈ ಸಡಿಲ. ಬ್ರೇಕ್, ಕ್ಲಚ್ ಲಿವರ್‌ಗಳ ಕ್ಲಾಂಪ್ ಸಡಿಲಿಸಿ ಕೆಳಕ್ಕೆ ತಿರುಗಿಸಿದೆ. ಬೆರಳು ಚಾಚಿದರೆ ಮುಂಗೈಯ ನೇರಕ್ಕೇ ಲಿವರ್ ಸಿಗಬೇಕು, ಮಣಿಕಟ್ಟು ಮೇಲಕ್ಕೆ ಮಡಚಬಾರದು. ಹತ್ತು ನಿಮಿಷದ ಕೆಲಸ, ಖರ್ಚು ಸೊನ್ನೆ. ಅರ್ಧ ನೋವು ಹೋದದ್ದು ಅಲ್ಲಿಗೇ. ಪರೀಕ್ಷೆ ಸುಲಭ: ಐವತ್ತರಲ್ಲಿ ಹೋಗುವಾಗ ಮೊಣಕೈ ಎರಡೂ ಮೇಲೆ ಕೆಳಗೆ ಆಡಿಸಿ ನೋಡಿ. ಆಡಿದರೆ ಸರಿ. ಆಡದಿದ್ದರೆ ಭಾರ ಇನ್ನೂ ಕೈಯಲ್ಲೇ ಇದೆ.

ಬಾಕಿ ಅರ್ಧ ನೋವು ಹೋದದ್ದು ಟ್ಯಾಂಕಿನ ಬದಿಗೆ ಅಂಟಿಸುವ ಪ್ಯಾಡಿನಿಂದ. ಪೇಂಟಿನ ಮೇಲೆ ಪ್ಯಾಂಟು ಜಾರುತ್ತದೆ, ಎಷ್ಟು ಅಮುಕಿದರೂ ಹಿಡಿತ ಸಿಗದು. ರೆಡಿಮೇಡ್ ಪ್ಯಾಡ್ ಸಾವಿರ ಚಿಲ್ಲರೆಗೆ ತಂದು ಅಂಟಿಸಿದೆ. ಜೂನ್ ತಿಂಗಳ ಮಳೆಗೆ ಅಂಚು ಎದ್ದಿತು, ಜುಲೈಗೆ ಬಲಬದಿಯದ್ದು ದಾರಿಯಲ್ಲೆಲ್ಲೋ ಬಿತ್ತು. ಆಮೇಲೆ ನಾನೇ ಮಾಡಿದೆ. ಇದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇದೆ. ಟ್ಯಾಂಕಿನ ಆ ಜಾಗ ಎರಡು ಕಡೆಗೆ ಬಾಗಿದೆ, ಕಾಗದ ಇಟ್ಟು ಅಳತೆ ತೆಗೆದರೆ ಸುಕ್ಕುಗಟ್ಟುತ್ತದೆ. ತೋಟದಿಂದ ಒಂದು ಅಗಲದ ಅಡಿಕೆ ಹಾಳೆ ತಂದು ರಾತ್ರಿಯಿಡೀ ನೀರಿನಲ್ಲಿ ನೆನೆಸಿದೆ. ಬೆಳಿಗ್ಗೆ ಅದು ಮೆತ್ತಗಾಗಿರುತ್ತದೆ. ಟ್ಯಾಂಕಿಗೆ ಒತ್ತಿ ಹಳೇ ಟ್ಯೂಬಿನಿಂದ ಕಟ್ಟಿ ಬಿಸಿಲಿಗೆ ಬಿಟ್ಟೆ. ಸಂಜೆ ಬಿಚ್ಚಿದರೆ ಟ್ಯಾಂಕಿನ ಅಚ್ಚು ಕೈಯಲ್ಲಿ. ಮೊಣಕಾಲು ತಾಗುವ ಜಾಗ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಅದರ ಮೇಲೆ ಗೆರೆ ಇರುವ ರಬ್ಬರ್ ಶೀಟ್ ಇಟ್ಟು ಕತ್ತರಿಸಿದೆ. ಎಲ್ಲ ಸೇರಿ ನೂರೈವತ್ತು ಇನ್ನೂರು ರೂಪಾಯಿ. ಯಾವ ಅಂಟು ಅಂತ ಮಾತ್ರ ಹೇಳುವುದಿಲ್ಲ. ಅದಕ್ಕೆ ಮೂರು ಬಗೆ ಹಾಳುಮಾಡಿದ್ದೇನೆ, ನೀವೂ ಒಂದೆರಡು ಹಾಳುಮಾಡಿ. ಸೀಟಿನ ಮುಂದಿನ ಇಳಿಜಾರಿಗೆ ಅಡಿಯಲ್ಲಿ ಏನು ಕೊಟ್ಟಿದ್ದೇನೆ ಎಂಬುದೂ ಗುಟ್ಟು. ಪೆರ್ಲಕ್ಕೆ ಬಂದರೆ ಸೀಟು ಎತ್ತಿ ತೋರಿಸುತ್ತೇನೆ.

ಅಭ್ಯಾಸಕ್ಕೆ ನಮಗಿರುವಷ್ಟು ಒಳ್ಳೆ ಜಾಗ ಬೇರೆಲ್ಲೂ ಇಲ್ಲ. ನಂದಾರಪದವಿನಿಂದ ಚೇವಾರಿಗೆ ಹಿಲ್ ಹೈವೇ. ಅಗಲ ರಸ್ತೆ, ಏರು, ಇಳಿತ, ತಿರುವು. ಬೆಳಿಗ್ಗೆ ಆರೂವರೆಗೆ ಮೊದಲು ಹೋದರೆ ಹಾಲಿನವರು, ಪೇಪರಿನವರು ಬಿಟ್ಟರೆ ಯಾರೂ ಇಲ್ಲ. ಮೂರನೇ ಗೇರಿಗೆ ಹಾಕಿ ಇಡೀ ದಾರಿ ಅದರಲ್ಲೇ ಹೋಗುವುದು. ಬ್ರೇಕ್ ಮುಟ್ಟದೆ ಹೋಗಲು ನೋಡುವುದು. ಆಗ ಮುಂದಿನ ತಿರುವು ಎಷ್ಟು ಬಿಗಿ ಅಂತ ಮೊದಲೇ ಅಂದಾಜಿಸಲೇಬೇಕು. ಆಕ್ಸಿಲರೇಟರ್ ಬಿಟ್ಟು ವೇಗ ಇಳಿಸಿಕೊಂಡು, ತಿರುವಿನೊಳಗೆ ಸ್ವಲ್ಪ ಸ್ವಲ್ಪವೇ ತೆರೆಯುತ್ತಾ ಹೋಗಬೇಕು. ಕ್ರೂಸರ್‌ನವರು ತಿರುವಿಗೆ ಕ್ಲಚ್ಚು ಹಿಡಿದು ತೇಲಿಕೊಂಡು ಹೋಗುತ್ತಾರೆ, ಆಮೇಲೆ ಟಾರ್ಕ್ ಎಳೆಯುತ್ತದೆ ಎಂಬ ನಂಬಿಕೆ. ಇಲ್ಲಿ ಆ ಸಾಲ ಸಿಗುವುದಿಲ್ಲ. ಮುರಕಲ್ಲಿನ ಲಾರಿ ಓಡಾಡುವ ಕಡೆ ತಿರುವಿನ ನಡುವೆ ಕೆಂಪು ಪುಡಿ ಬಿದ್ದಿರುತ್ತದೆ, ಅಂಥ ಜಾಗಗಳನ್ನು ಹಿಂದಿನ ದಿನ ಮೀಟಿಯರಿನಲ್ಲಿ ಹೋಗಿ ನೋಡಿಟ್ಟಿರುತ್ತೇನೆ. ಮಳೆಗಾಲ ಪೂರ್ತಿ ರೈನ್ ಮೋಡ್. ಪವರ್ 34 ಪಿಎಸ್‌ನಿಂದ 25.8ಕ್ಕೆ ಇಳಿಯುತ್ತದೆ, ಆದರೂ ಮೀಟಿಯರಿಗಿಂತ ಜಾಸ್ತಿಯೇ.

"ಅರವತ್ತರ ಲಿಮಿಟ್ ಇರುವ ಊರಲ್ಲಿ ಸ್ಪೋರ್ಟ್ಸ್ ಬೈಕು ಯಾಕೆ?" ಎಂದು ಕೇಳುವವರಿದ್ದಾರೆ. ನಿಜ, ಕೇರಳದಲ್ಲಿ 2023ರ ಜುಲೈಯಿಂದ ಟೂವೀಲರಿನ ಗರಿಷ್ಠ ವೇಗವನ್ನು 70ರಿಂದ 60ಕ್ಕೆ ಇಳಿಸಿದ್ದಾರೆ, ಕ್ಯಾಮೆರಾವೂ ಇದೆ. ಆದರೆ ನನ್ನ ಅನುಭವದಲ್ಲಿ ಈ ಬೈಕಿನ ಮಜಾ ಇರುವುದು ಮೂವತ್ತರಿಂದ ಅರವತ್ತರ ನಡುವೆಯೇ. ಪಾಣತ್ತೂರು ದಾಟಿ ಕರಿಕೆಯಿಂದ ಭಾಗಮಂಡಲಕ್ಕೆ ಹತ್ತುವ ರಸ್ತೆ ನೋಡಿದವರಿಗೆ ಗೊತ್ತು. ಅಲ್ಲಿ ಅರವತ್ತು ಹೋಗಲು ಜಾಗವೇ ಇಲ್ಲ. ಕಾಡು, ಕಿರಿದಾದ ರಸ್ತೆ, ಒಂದರ ಹಿಂದೆ ಒಂದು ತಿರುವು, ಎದುರು ಜೀಪು. ಮೀಟಿಯರಿನಲ್ಲಿ ಅಲ್ಲಿ ಬೈಕನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಎಳೆದು ಹಾಕಬೇಕು. ಇದರಲ್ಲಿ ಕಣ್ಣು ಹೋದ ಕಡೆ ಬೈಕು ಹೋಗುತ್ತದೆ. ಮೇಲೆ ತಲುಪಿದಾಗ ತೊಡೆ ನೋಯುತ್ತಿತ್ತು. ಕೈ ನೋಯುತ್ತಿರಲಿಲ್ಲ. ಕೆಲಸ ಸರಿಯಾಗಿ ಆಗಿದೆ ಅನ್ನಲು ಅಷ್ಟು ಸಾಕು. ಬೆಳಿಗ್ಗೆ ಒಂದು ನಿಮಿಷ ಪ್ಲಾಂಕ್ ಮಾಡುತ್ತೇನೆ, ಅದನ್ನು ಬಿಟ್ಟ ವಾರ ಸೊಂಟ ಜ್ಞಾಪಿಸುತ್ತದೆ.

ಇದೆಲ್ಲ ಕಲಿತು ಮೀಟಿಯರಿನಲ್ಲೂ ಪ್ರಯೋಗ ಮಾಡಿ ನೋಡಿದೆ. ಮುಂದಿನ ಬ್ರೇಕನ್ನು ತಿರುವಿನವರೆಗೆ ಮೆತ್ತಗೆ ಹಿಡಿದುಕೊಂಡೇ ಹೋಗುವುದು ಅದರಲ್ಲೂ ಚೆನ್ನಾಗಿ ನಡೆಯುತ್ತದೆ. ಬೈಕನ್ನು ಜಾಸ್ತಿ ಓರೆ ಮಾಡಲು ಮಾತ್ರ ಆಗದು, ಪೆಗ್ ರಸ್ತೆಗೆ ತಾಗಿ ಕಿರ್ರ್ ಅನ್ನುತ್ತದೆ. ಅಡ್ಯನಡ್ಕಕ್ಕೆ ಹೋಗಿ ಪೆಟ್ರೋಲ್ ಹಾಕಿಸುವ ಲೆಕ್ಕವೂ ಮಾಡಿದೆ. ಕರ್ನಾಟಕದಲ್ಲಿ ಲೀಟರಿಗೆ ನಾಲ್ಕೈದು ರೂಪಾಯಿ ಕಡಿಮೆ. ಮೀಟಿಯರಿನ 15 ಲೀಟರ್ ಟ್ಯಾಂಕಿಗೆ ಹೋಗಿ ಬಂದದ್ದು ಗಿಟ್ಟುತ್ತದೆ, ಇದರ 11 ಲೀಟರಿಗೆ ಅಷ್ಟು ಗಿಟ್ಟದು. ಮೈಲೇಜು ಇದರಲ್ಲಿ ಮೂವತ್ತರ ಸುತ್ತ, ಅದರಲ್ಲಿ ಮೂವತ್ತೈದು.

ಬೈಕಿನ ಬೆಲೆ ಬಿಟ್ಟು ಈವರೆಗೆ ಹನ್ನೆರಡು ಸಾವಿರದಷ್ಟು ಹೋಗಿರಬಹುದು, ಅದರಲ್ಲಿ ಎಂಟು ಸಾವಿರ ಬೇಡದ ಸಾಮಾನಿಗೆ. ಚೈನು ಸ್ಪ್ರಾಕೆಟ್ ಮುಗಿಯುತ್ತಾ ಬಂದಿದೆ, ಮಳೆಗೆ ಮೊದಲು ಬದಲಿಸಬೇಕು. ಎಂಜಿನ್ ಬದಿಯ ಸ್ಪ್ರಾಕೆಟಿಗೆ ಒಂದು ಹಲ್ಲು ಕಡಿಮೆಯದ್ದು ಹಾಕಿದರೆ ನಮ್ಮ ಚಡವಿಗೆ ಒಳ್ಳೆಯದು ಅಂತ ಅಳಿಯ ಹೇಳುತ್ತಾನೆ, ಇಚ್ಚ ಬೇಡ ಅನ್ನುತ್ತಾರೆ. ನಾನು ಹಾಕಿ ನೋಡುವವನೇ. ಭಾವ ಮೊನ್ನೆ ಬಂದವನು ಹಾಳೆಯ ಅಚ್ಚು ಕೇಳಿ ತಗೊಂಡು ಹೋಗಿದ್ದಾನೆ. ಯಾವ ಬೈಕಿಗೆ ಅಂತ ಬಾಯಿ ಬಿಟ್ಟಿಲ್ಲ.