ಏಳರಿಂದ ಎಂಟಕ್ಕೆ: ಮಕ್ಕಳೇ ಮಾಧ್ಯಮ, ಭಾಷೆ, ಶಾಲೆ ಆರಿಸುವಂತೆ ಮಾಡಿದ ನನ್ನ ಅನುಭವ

ಮೂರು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದ ಮಕ್ಕಳೆಲ್ಲ ಈ ಸಲ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲೇ, ಅಂದರೆ ಮೊದಲ ಸಲಕ್ಕೇ, ಪಾಸಾದರು. ಹದಿನೈದೋ ಹದಿನಾರೋ ಮಕ್ಕಳಿದ್ದ ಬ್ಯಾಚ್ ಅದು. ಪಾಸಾಗಿದ್ದಕ್ಕಿಂತ ನನಗೆ ಜಾಸ್ತಿ ಖುಷಿ ಕೊಟ್ಟ ವಿಷಯ ಬೇರೆ. ಎಂಟಕ್ಕೆ ಸೇರಿದ ಶಾಲೆಯಲ್ಲೇ, ಆರಿಸಿಕೊಂಡ ಮಾಧ್ಯಮದಲ್ಲೇ ಎಲ್ಲರೂ ಹತ್ತು ಮುಗಿಸಿದರು. ಅದಕ್ಕೆ ಮುಂಚೆ ಮೂವರಲ್ಲಿ ಒಬ್ಬರಾದರೂ ದಸರಾ ಹೊತ್ತಿಗೆ ಟಿಸಿ ಕೇಳಿಕೊಂಡು ಊರಿಗೆ ವಾಪಸ್ ಬರುತ್ತಿದ್ದರು. ಕೆಲವರು ಓದು ಬಿಟ್ಟು ತೋಟದ ಕೆಲಸಕ್ಕೆ ಇಳಿಯುತ್ತಿದ್ದರು. "ಏಳನೇ ಕ್ಲಾಸಿನ ಮಗು ಏನು ಆರಿಸುತ್ತೆ ಮೇಷ್ಟ್ರೇ, ಅಪ್ಪ ಅಮ್ಮ ಎಲ್ಲಿ ಸೇರಿಸಿದರೆ ಅಲ್ಲಿಗೆ ಹೋಗುತ್ತೆ" ಎಂದು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಹೇಳಿದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ ಗಡಿಯ ಕಾಫಿ ತೋಟಗಳ ಮಧ್ಯದ ಹಿರಿಯ ಪ್ರಾಥಮಿಕ ಶಾಲೆ. ಏಳಕ್ಕೆ ಮುಗಿಯುತ್ತೆ. ಮಾವಿನಕೆರೆ ನವೋದಯ, ಆದರ್ಶ ವಿದ್ಯಾಲಯ, ಮೊರಾರ್ಜಿ ಶಾಲೆಗೆ ಹೋಗುವವರು ಆರಕ್ಕೇ ಹೋಗಿಬಿಟ್ಟಿರುತ್ತಾರೆ. ನಾನು ಹೇಳುತ್ತಿರುವುದು ಉಳಿದ ಮಕ್ಕಳ ಮಾತು. ಅವರಿಗೆ ಹೋಬಳಿಯ ಸರ್ಕಾರಿ ಪ್ರೌಢಶಾಲೆ ಇದೆ, ಇನ್ನೊಂದು ದಿಕ್ಕಿಗೆ ಅನುದಾನಿತ ಶಾಲೆ ಇದೆ, ಪೇಟೆಯಲ್ಲಿ ಖಾಸಗಿ ಇಂಗ್ಲಿಷ್ ಮೀಡಿಯಂ ಇದೆ.

ಮೊದಲು ನಾನು ಅರ್ಜಿ ನಮೂನೆ ಮಾಡಿ ಹಂಚಿದ್ದೆ. ಮುಂದೆ ಏನಾಗಬೇಕು, ಯಾವ ವಿಷಯ ಇಷ್ಟ, ಹೀಗೆ. ಪೊಲೀಸ್, ಟೀಚರ್, ಡಾಕ್ಟರ್ ಅಂತ ಬರೆದು ಕೊಟ್ಟರು. ಪಕ್ಕದವರದ್ದು ನೋಡಿ ಬರೆದವರೇ ಜಾಸ್ತಿ. ಆಮೇಲೆ ಜನವರಿಯಲ್ಲಿ ಪೋಷಕರ ಸಭೆ ಕರೆದೆ. ಕಾಫಿ ಕುಯ್ಲಿನ ಸಮಯ. ಆ ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ? ಬಂದ ಐದಾರು ಜನಕ್ಕೂ ಹೊರಡುವ ಆತುರ. ಇನ್ನೊಂದು ವರ್ಷ ಜೀಪ್ ಬಾಡಿಗೆಗೆ ಹಿಡಿದು ಮಕ್ಕಳಿಗೆ ಮೂರೂ ಶಾಲೆ ತೋರಿಸಿದೆ. ಡೀಸೆಲ್, ತಿಂಡಿ ಎಲ್ಲ ಸೇರಿ ಮೂರು ಸಾವಿರದ ಹತ್ತಿರ ಕೈಯಿಂದ ಹೋಯಿತು. ಹೊಸ ಬಣ್ಣ ಹೊಡೆದ ಕಟ್ಟಡ ಯಾವುದೋ ಎಲ್ಲರಿಗೂ ಅದೇ ಬೇಕು ಅನ್ನಿಸಿತು.

ಅಂಕ ನೋಡಿ ಕಳಿಸುವ ಪದ್ಧತಿ ಇವೆಲ್ಲಕ್ಕಿಂತ ಕೆಟ್ಟದ್ದು. ನಮ್ಮ ಕಡೆ ಅದೇ ರೂಢಿ. ಎಂಬತ್ತೈದರ ಮೇಲೆ ಬಂದರೆ ಇಂಗ್ಲಿಷ್ ಮೀಡಿಯಂ, ಕಡಿಮೆ ಬಂದರೆ ಸರ್ಕಾರಿ ಶಾಲೆ. ತೊಂಬತ್ತರ ಆಸುಪಾಸಿನ ಒಬ್ಬ ಹುಡುಗ ಪೇಟೆಗೆ ಹೋದ. ಫೀಸು ಮೂವತ್ತು ಸಾವಿರದ ಮೇಲೆ, ವ್ಯಾನಿಗೆ ತಿಂಗಳಿಗೆ ಒಂದೂವರೆ ಸಾವಿರ, ಶೂ, ಸಮವಸ್ತ್ರ, ಟ್ಯೂಷನ್ ಬೇರೆ. ಅವರಪ್ಪ ತೋಟದ ಲೆಕ್ಕ ಬರೆಯುವ ರೈಟರ ಹತ್ತಿರ ಮುಂಗಡ ತೆಗೆದರು. ಹುಡುಗ ಗಣಿತದಲ್ಲಿ ಗಟ್ಟಿಗ. ಆದರೆ ವಾಕ್ಯರೂಪದ ಲೆಕ್ಕದಲ್ಲಿ ಪ್ರಶ್ನೆ ಏನು ಕೇಳಿದೆ ಅನ್ನೋದೇ ಗೊತ್ತಾಗದೆ ಸುಮ್ನೆ ಕೂರುತ್ತಿದ್ದ. ಅರ್ಧ ವರ್ಷಕ್ಕೆ ವಾಪಸ್. ಕಟ್ಟಿದ ಫೀಸಿನಲ್ಲಿ ಒಂದು ರೂಪಾಯಿಯೂ ಹಿಂದಕ್ಕೆ ಬರಲಿಲ್ಲ. ಆ ಮುಂಗಡ ತೀರಿಸಲು ಆ ಮನೆಯವರಿಗೆ ಎರಡು ಕುಯ್ಲು ಹಿಡಿಯಿತು.

ಕೊನೆಗೆ ಹಿಡಿದ ದಾರಿ ಇದು. ಸಂಕ್ರಾಂತಿ ಆದ ಮೇಲೆ ಎಂಟನೇ ತರಗತಿಯ ಹಳೇ ಪುಸ್ತಕ ತರಿಸುತ್ತೇನೆ, ಕನ್ನಡ ಮಾಧ್ಯಮದ್ದು, ಇಂಗ್ಲಿಷ್ ಮಾಧ್ಯಮದ್ದು ಎರಡೂ. ಒಂಬತ್ತಕ್ಕೆ ಹೋಗಿರುವ ಹಳೇ ವಿದ್ಯಾರ್ಥಿಗಳ ಮನೆಯಲ್ಲಿ ಸಿಗುತ್ತವೆ. ಇಂಗ್ಲಿಷ್‌ನವು ಕೆಲವನ್ನು ದುಡ್ಡು ಕೊಟ್ಟೇ ತರಬೇಕಾಯಿತು. ಒಂದು ವಾರ ಒಂದು ಪಾಠ ಕನ್ನಡದಲ್ಲಿ, ಮುಂದಿನ ವಾರ ಬೇರೆ ಪಾಠ ಇಂಗ್ಲಿಷ್‌ನಲ್ಲಿ. ಅದೇ ಪಾಠವನ್ನು ಎರಡು ಭಾಷೆಯಲ್ಲಿ ಕೊಡಬೇಡಿ. ಎರಡನೆಯ ಸಲ ಅವರು ನೆನಪಿನಿಂದ ಹೇಳುತ್ತಾರೆ, ಓದಿ ಅಲ್ಲ. ನಾನು ಪಾಠ ಮಾಡುವುದಿಲ್ಲ. ಮಗು ಓದಬೇಕು, ಆಮೇಲೆ ಪುಸ್ತಕ ಮುಚ್ಚಿ ಐದನೇ ತರಗತಿಯ ಒಬ್ಬ ಮಗುವಿಗೆ ಮನೆ ಮಾತಿನಲ್ಲಿ ಹೇಳಬೇಕು. ಮನೆಯಲ್ಲಿ ತುಳು, ತಮಿಳು, ಉರ್ದು ಯಾವುದಿದ್ದರೂ ಸರಿ, ಕೇಳುವ ಮಗುವಿಗೆ ಆ ಮಾತು ಬಂದರೆ ಆಯಿತು.

ನಾನು ಅಂಕ ಹಾಕುವುದಿಲ್ಲ. ಎರಡೇ ನೋಡುತ್ತೇನೆ. ಓದುವಾಗ ಎಲ್ಲಿ ನಿಲ್ಲುತ್ತೆ, ನಿಂತಾಗ ಏನು ಕೇಳುತ್ತೆ.

ವಿಜ್ಞಾನದ ಘರ್ಷಣೆ ಪಾಠ ಇಂಗ್ಲಿಷ್ ಪುಸ್ತಕದ್ದು. ಒಬ್ಬ ಹುಡುಗ ಎರಡು ಪುಟವನ್ನು ಗಡಗಡ ಓದಿದ. ಉಚ್ಚಾರ ಚೆನ್ನಾಗಿತ್ತು. ಜೊತೆಗಿದ್ದ ಶಿಕ್ಷಕಿ "ಇವನನ್ನ ಕಣ್ಣು ಮುಚ್ಚಿ ಇಂಗ್ಲಿಷ್‌ಗೆ ಹಾಕಬಹುದು" ಅಂದರು. ಪುಸ್ತಕ ಮುಚ್ಚಿಸಿ ಹೇಳು ಅಂದರೆ ಒಂದು ಮಾತೂ ಬರಲಿಲ್ಲ. ಆಮೇಲೆ ತೋಟದ ಕೂಲಿಯವರು ಇರುವ ಲೈನ್ ಮನೆಯ ಒಬ್ಬಳು ಹುಡುಗಿ. ಒಂದೊಂದು ಸಾಲಿಗೂ ನಿಂತಳು. ಒಂದು ಪುಟಕ್ಕೆ ಅರ್ಧ ಗಂಟೆ. ಮಧ್ಯೆ ತಲೆ ಎತ್ತಿ ಕೇಳಿದಳು: "ಸಾರ್, ಮಳೆಗಾಲದಲ್ಲಿ ಜೀಪಿನ ಚಕ್ರಕ್ಕೆ ಚೈನ್ ಸುತ್ತುತ್ತಾರಲ್ಲ, ಕೆಸರಲ್ಲಿ ಜಾರದೆ ಇರೋಕೆ, ಇದು ಅದೇ ಅಲ್ವಾ?" ಐದನೇ ಕ್ಲಾಸಿನ ತಮ್ಮನಿಗೆ ಅಂಗಳಕ್ಕೆ ಕರೆದುಕೊಂಡು ಹೋಗಿ, ಒದ್ದೆ ಕಲ್ಲಿನ ಮೇಲೂ ಒಣ ಕಲ್ಲಿನ ಮೇಲೂ ಚಪ್ಪಲಿ ಎಳೆದು ತೋರಿಸಿದಳು. ಅವಳಿಗೆ ಏಳರಲ್ಲಿ ಬಂದಿದ್ದು ಅರವತ್ತರ ಆಸುಪಾಸು. ಸರ್ಕಾರಿ ಪ್ರೌಢಶಾಲೆಯ ಇಂಗ್ಲಿಷ್ ಮಾಧ್ಯಮ ವಿಭಾಗಕ್ಕೆ ಹೋದಳು, ಪ್ರಥಮ ದರ್ಜೆಯಲ್ಲಿ ಪಾಸಾದಳು. ಗಡಗಡ ಓದಿದವನು ಕನ್ನಡ ಮಾಧ್ಯಮ ತಾನೇ ಆರಿಸಿಕೊಂಡ. ಅವನಿಗೆ ಅವಳಿಗಿಂತ ಜಾಸ್ತಿ ಬಂತು.

ಯಾವ ಪಾಠ ಯಾವ ಕ್ರಮದಲ್ಲಿ ಕೊಡುತ್ತೇನೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಟ್ಯೂಷನ್‌ನವರು ಆ ಪಾಠಗಳನ್ನೇ ಮೊದಲೇ ಬಾಯಿಪಾಠ ಮಾಡಿಸಿಬಿಡುತ್ತಾರೆ, ಆಮೇಲೆ ಏನೂ ತಿಳಿಯುವುದಿಲ್ಲ. ಗಣಿತದ್ದು ಒಂದಾದರೂ ಇರಲಿ, ಸಮಾಜದ್ದು ಒಂದಾದರೂ ಇರಲಿ.

ಪೋಷಕರನ್ನು ಈಗ ನಾನು ಶಾಲೆಗೆ ಕರೆಯುವುದಿಲ್ಲ. ಕುಯ್ಲು ಮುಗಿದ ಮೇಲೆ ಸಂಜೆ ಲೈನ್ ಮನೆಗಳಿಗೆ ನಾನೇ ಹೋಗುತ್ತೇನೆ. ಒಂದು ಹಾಳೆಯಲ್ಲಿ ದುಡ್ಡಿನ ಲೆಕ್ಕ ಬರೆದಿರುತ್ತೇನೆ. ಎಡಕ್ಕೆ ಪೇಟೆ ಶಾಲೆಯ ಮೂರು ವರ್ಷದ ಖರ್ಚು, ಒಂದೂವರೆ ಲಕ್ಷ ದಾಟುತ್ತೆ. ಬಲಕ್ಕೆ ಕೈ ತಪ್ಪುವ ಸವಲತ್ತು. ಎಂಟನೇ ತರಗತಿಯಲ್ಲಿ ಬರೆಯುವ ವಿದ್ಯಾರ್ಥಿವೇತನ ಪರೀಕ್ಷೆ ಎನ್‌ಎಂಎಂಎಸ್ ನಮ್ಮ ಶಿಕ್ಷಕರಿಗೆಲ್ಲ ಗೊತ್ತು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯು ತನಕ ವರ್ಷಕ್ಕೆ 12,000, ಒಟ್ಟು 48,000 ರೂಪಾಯಿ. ಆದರೆ ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಇರಬೇಕು. ಖಾಸಗಿಗೆ ಹೋದ ದಿನವೇ ಆ ಬಾಗಿಲು ಮುಚ್ಚುತ್ತೆ. ಇದನ್ನು ಎಷ್ಟು ಪೋಷಕರಿಗೆ ನಾವು ಹೇಳಿದ್ದೇವೆ?

ಇದಕ್ಕಿಂತ ದೊಡ್ಡದು ಮೀಸಲಾತಿ. ಸಿಇಟಿ ಸೀಟಿನಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಓದಿರಬೇಕು. ಏಳು ವರ್ಷ ಹಳ್ಳಿಯಲ್ಲಿ ಓದಿದ ಮಗು ಎಂಟಕ್ಕೆ ಪಟ್ಟಣ ಪಂಚಾಯಿತಿ ಗಡಿಯೊಳಗಿನ ಶಾಲೆಗೆ ಹೋದರೆ ಗ್ರಾಮೀಣ ಮೀಸಲಾತಿ ಹೋಯಿತು. ಹಳ್ಳಿಯಲ್ಲೇ ಇದ್ದು ಮಾಧ್ಯಮ ಬದಲಿಸಿದರೆ ಕನ್ನಡ ಮಾಧ್ಯಮದ್ದು ಹೋಯಿತು. ರಾಜ್ಯ ಸರ್ಕಾರಿ ನೇಮಕಾತಿಯಲ್ಲಿರುವ ಕನ್ನಡ ಮಾಧ್ಯಮದ ಶೇ. 5ಕ್ಕೂ ಹತ್ತರವರೆಗಿನ ಓದೇ ಲೆಕ್ಕ. ಇಂಗ್ಲಿಷ್ ಮಾಧ್ಯಮ ಬೇಡ ಅಂತ ನಾನು ಹೇಳುತ್ತಿಲ್ಲ, ಚೈನಿನ ಪ್ರಶ್ನೆ ಕೇಳಿದ ಆ ಹುಡುಗಿ ಹೋಗಿದ್ದೂ ಅದಕ್ಕೇ. ಅವಳ ತಾಯಿಗೆ ಏನು ಸಿಗುತ್ತೆ, ಏನು ಹೋಗುತ್ತೆ ಎರಡನ್ನೂ ಹೇಳಿದ್ದೆ. ಊರ ಹತ್ತಿರದ ಸರ್ಕಾರಿ ಶಾಲೆಯಾದ್ದರಿಂದ ಗ್ರಾಮೀಣದ್ದು ಉಳಿಯಿತು, ಎನ್‌ಎಂಎಂಎಸ್ ಅವಕಾಶವೂ ಉಳಿಯಿತು. ಅಷ್ಟನ್ನು ಕೂಡಿ ಕಳೆದು ಅವರೇ ತೀರ್ಮಾನ ಮಾಡಿದರು. ಕೊನೆಯಲ್ಲಿ ಪೋಷಕರಿಗೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಅದಕ್ಕೆ ಬರುವ ಉತ್ತರದಲ್ಲಿ ಮಗು ಹತ್ತರ ತನಕ ನಿಲ್ಲುತ್ತೋ ಇಲ್ಲವೋ ಗೊತ್ತಾಗಿಬಿಡುತ್ತೆ. ಆ ಪ್ರಶ್ನೆ ನನ್ನ ಹತ್ತಿರವೇ ಇರಲಿ.

ಭಾಷೆಯ ವಿಷಯದಲ್ಲಿ ನನ್ನ ಮಾತು ಖಡಕ್. ಪ್ರಥಮ ಭಾಷೆಗೆ 125 ಅಂಕ, ಒಟ್ಟು 625ರಲ್ಲಿ ಐದನೇ ಒಂದು ಭಾಗ. ಅಲ್ಲಿ ಕನ್ನಡದ ಬದಲು ಸಂಸ್ಕೃತ ತಗೊಂಡರೆ ಅಂಕ ಸುರಿಯುತ್ತೆ ಅನ್ನೋ ನಂಬಿಕೆಯಿಂದ ಅನುದಾನಿತ ಶಾಲೆಗೆ ಓಡುವವರಿದ್ದಾರೆ. ಹಿಂದಿ, ಸಂಸ್ಕೃತ ಎರಡಕ್ಕೂ ಒಂದೇ ಲಿಪಿ. ಆರು, ಏಳರಲ್ಲಿ ಹಿಂದಿಯನ್ನು ಸಲೀಸಾಗಿ ಬರೆದ ಮಗುವಿಗೆ ಅದು ಆಗಲೇ ಕೈಗೆ ಬಂದಿರುತ್ತೆ, ಅಂಥವರು ನಿಭಾಯಿಸುತ್ತಾರೆ. ಹಿಂದಿ ಅಕ್ಷರಕ್ಕೇ ಒದ್ದಾಡಿದ ಮಗುವನ್ನು 125 ಅಂಕದ ಜಾಗದಲ್ಲಿ ಕೂರಿಸುವುದು ಅನ್ಯಾಯ. ಅದಕ್ಕೆ ಮೊದಲೇ ಹದಿನೈದು ದಿನ ಹಿಂದಿ ಕಾಪಿ ಬರೆಸಿ ನೋಡುತ್ತೇನೆ. ಹಿಂದಿ ತೀರಾ ಕಷ್ಟ ಅನ್ನುವವರಿಗೆ ಎನ್‌ಎಸ್‌ಕ್ಯೂಎಫ್, ಅಂದರೆ ವೃತ್ತಿ ವಿಷಯ ಕಲಿಸುವ ಯೋಜನೆ, ಇರುವ ಪ್ರೌಢಶಾಲೆ ಹುಡುಕುತ್ತೇನೆ. ಒಂಬತ್ತರಿಂದ ತೃತೀಯ ಭಾಷೆಯ ಬದಲು ಐಟಿ, ಆಟೊಮೊಬೈಲ್, ರೀಟೇಲ್ ಥರದ ವಿಷಯ ತೆಗೆದುಕೊಳ್ಳಬಹುದು. ಎಲ್ಲ ಶಾಲೆಯಲ್ಲೂ ಇಲ್ಲ, ಹಾಗಾಗಿ ಎಂಟಕ್ಕೆ ಸೇರಿಸುವಾಗಲೇ ಕೇಳಿಕೊಳ್ಳಬೇಕು. ಇಬ್ಬರು ಹುಡುಗರು ಆಟೊಮೊಬೈಲ್ ತಗೊಂಡರು. ಒಬ್ಬ ಈಗ ಡಿಪ್ಲೊಮಾಕ್ಕೆ ಅರ್ಜಿ ಹಾಕಿದ್ದಾನೆ.

ಇನ್ನು ದಾರಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಖರ್ಚಿಲ್ಲ, ಗಂಡುಮಕ್ಕಳಿಗೆ ಪಾಸ್ ಮಾಡಿಸಬೇಕು. ಆದರೆ ನಮ್ಮಲ್ಲಿ ದುಡ್ಡಿಗಿಂತ ದೊಡ್ಡ ತಾಪತ್ರಯ ಆನೆ. ಸಂಜೆ ವಿಶೇಷ ತರಗತಿ ಮುಗಿಸಿ ಕೊನೇ ಬಸ್ಸಿಗೆ ಇಳಿದು ತೋಟದ ದಾರಿಯಲ್ಲಿ ನಡೆಯುವ ಮಗು ಹತ್ತನೇ ತರಗತಿಗೆ ಬರುವ ಹೊತ್ತಿಗೆ ಹೆದರಿ ಶಾಲೆ ಬಿಡುತ್ತೆ. ನಾನು ಪ್ರತಿ ಮಗುವಿಗೂ ಬಸ್ ನಿಲ್ದಾಣದಿಂದ ಮನೆಗೆ ಎಷ್ಟು ದೂರ, ಜೊತೆಗೆ ಬರುವವರು ಯಾರು ಅಂತ ಬರೆಸುತ್ತೇನೆ. ಒಂದು ದಾರಿಯ ಮಕ್ಕಳೆಲ್ಲ ಒಂದೇ ಶಾಲೆಗೆ ಹೋಗುವಂತೆ ಪೋಷಕರನ್ನು ಒಪ್ಪಿಸುತ್ತೇನೆ. ಅರಣ್ಯ ಇಲಾಖೆಯಿಂದ ಆನೆ ಎಲ್ಲಿದೆ ಅನ್ನುವ ಸಂದೇಶ ಬರುವ ಫೋನ್ ಆ ಗುಂಪಿನಲ್ಲಿ ಒಬ್ಬರ ಮನೆಯಲ್ಲಾದರೂ ಇರಬೇಕು. ಈ ಒಂದು ಲೆಕ್ಕದಿಂದಲೇ ನಾಲ್ಕೈದು ಮಕ್ಕಳು ಉಳಿದರು ಅಂತ ನನಗೆ ಗಟ್ಟಿ ನಂಬಿಕೆ.

ಮಧ್ಯದಲ್ಲಿ ಬೇರೆ ಪ್ರಯೋಗಗಳನ್ನೂ ಮಾಡಿದೆ. ಮಕ್ಕಳು ಪಾಠ ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಪೋಷಕರಿಗೆ ಕೇಳಿಸಿದೆ. ನೂರು ಮಾತು ಹೇಳುವ ಕೆಲಸವನ್ನು ಎರಡು ನಿಮಿಷದ ಆ ದನಿ ಮಾಡಿತು. ಒಬ್ಬ ತಂದೆ ಅಲ್ಲೇ ಮೀಡಿಯಂ ಬದಲಿಸಲು ಒಪ್ಪಿದರು. ಅದನ್ನು ಈಗಲೂ ಮಾಡುತ್ತೇನೆ. ಹಾಸನದ ಕಾರೇಕೆರೆ ಕೃಷಿ ಕಾಲೇಜಿಗೂ ಒಮ್ಮೆ ಕರೆದುಕೊಂಡು ಹೋದೆ. ಮಕ್ಕಳಿಗೆ ಖುಷಿಯಾಯಿತು, ಎಂಟರ ಆಯ್ಕೆಗೆ ಏನೂ ಉಪಯೋಗ ಆಗಲಿಲ್ಲ, ಬಸ್ಸಿಗೆ ಖರ್ಚಾಗಿದ್ದೇ ಬಂತು. ಅದನ್ನು ಒಂಬತ್ತು ಹತ್ತರವರಿಗೆ ಮಾಡಿದರೆ ಒಳ್ಳೇದು. ಪ್ರೌಢಶಾಲೆಯ ಗಣಿತ ಶಿಕ್ಷಕರೊಬ್ಬರನ್ನು ಒಂದು ಶನಿವಾರ ಕರೆಸಿ ನಮ್ಮ ಮಕ್ಕಳ ಮಧ್ಯೆ ಕೂರಿಸಿದ್ದು ಮಾತ್ರ ಬಹಳ ಕೆಲಸಕ್ಕೆ ಬಂತು. ಜೂನ್‌ನಲ್ಲಿ ಆ ಮಕ್ಕಳನ್ನು ಅವರು ಹೆಸರು ಹಿಡಿದು ಕರೆದರು.

ವರ್ಷಕ್ಕೆ ಈಗ ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯುತ್ತೆ, ಅದರಲ್ಲಿ ಅರ್ಧ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರು ಕೊಡುತ್ತಾರೆ. ಒಂದು ಕೆಲಸ ಮಾತ್ರ ಯಾರೂ ಬಿಡಬೇಡಿ. ಟಿಸಿ ಕೊಡುವ ದಿನವೇ ಒಂದರಿಂದ ಏಳರ ವ್ಯಾಸಂಗ ಪ್ರಮಾಣಪತ್ರವನ್ನೂ ಬರೆದು, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಹಾಕಿಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಾಯಿಯ ಕೈಗೆ ಕೊಡಿ. ಸಿಇಟಿ ಅರ್ಜಿ ಹೊತ್ತಿನಲ್ಲಿ ಆ ಕಾಗದಕ್ಕಾಗಿ ಮಕ್ಕಳು ಅಲೆಯುವುದು ತಪ್ಪುತ್ತೆ. ನಮ್ಮ ಈ ವರ್ಷದ ಮಕ್ಕಳಿಗೆ ಹತ್ತೊಂಬತ್ತು ಕವರ್ ತಂದಿಟ್ಟಿದ್ದೇನೆ.