ಗೂಡಿನ ಎಳೆ ಕಂಡರೆ ಸಾಕೇ?

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವುದು ನನ್ನ ಕಸುಬು. ಬಿಸಿನೀರಿನಲ್ಲಿ ತೇಲುವ ಗೂಡಿನ ಎಳೆಯ ತುದಿಯನ್ನು ಹುಡುಕಿ ಹಿಡಿಯುವವನಿಗೆ ಕಣ್ಣೇ ಬಂಡವಾಳ. ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದಾಗ ಕಾಲು, ಮೂತ್ರಪಿಂಡ ಎಲ್ಲಕ್ಕೂ ಹೆದರಿದೆ, ಕಣ್ಣಿಗೆ ಹೆದರಲಿಲ್ಲ. ತಲೆಗೂದಲಿಗಿಂತ ತೆಳುವಾದ ಎಳೆ ಕಾಣುತ್ತಿದೆಯಲ್ಲ ಎಂಬ ಧೈರ್ಯ. ಕಾಯಿಲೆ ಪತ್ತೆಯಾದ ಕೂಡಲೇ ಕಣ್ಣಿನ ಹಿಂಭಾಗದ ಪರದೆ, ಅಂದರೆ ರೆಟಿನಾ, ತೋರಿಸಿ, ಆಮೇಲೆ ವರ್ಷಕ್ಕೊಮ್ಮೆ ತೋರಿಸುತ್ತಿರಿ ಎಂದು ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಆ ಚೀಟಿ ಮೂರು ವರ್ಷ ಅಂಗಿಯ ಜೇಬಿನಿಂದ ಬೀರುವಿಗೆ ಓಡಾಡಿಕೊಂಡಿತ್ತು.

ನಡುವೆ ಒಮ್ಮೆ ಕನ್ನಡಕದ ಅಂಗಡಿಗೆ ಹೋಗಿದ್ದೆ. ಅದನ್ನೇ ಕಣ್ಣಿನ ಪರೀಕ್ಷೆ ಎಂದು ಲೆಕ್ಕ ಹಿಡಿದೆ. ಮಾತ್ರೆಯಿಂದ ಸಕ್ಕರೆ ಇಳಿದ ಮೇಲೆ ಆ ಕನ್ನಡಕ ಕಣ್ಣಿಗೆ ಹೊಂದಲಿಲ್ಲ. ಅಂಗಡಿಯವನ ಜೊತೆ ಜಗಳವಾಡಿದ್ದೂ ಆಯಿತು. ತಪ್ಪು ಅವನದಲ್ಲ. ಸಕ್ಕರೆ ಏರಿದಾಗ ಕಣ್ಣಿನ ಮಸೂರ ಊದಿಕೊಳ್ಳುತ್ತದೆ, ನಂಬರ್ ಬದಲಾಗುತ್ತದೆ. ಕೆಲವು ವಾರ ಸಕ್ಕರೆ ಹತೋಟಿಯಲ್ಲಿ ನಿಂತ ಮೇಲೆಯೇ ಕನ್ನಡಕ ಮಾಡಿಸಬೇಕಿತ್ತು.

ನಮಗೆ ಗೂಡು ತರುತ್ತಿದ್ದ ಹಿರಿಯರೊಬ್ಬರು ಒಂದು ಬೆಳಿಗ್ಗೆ, "ಕಣ್ಣೆದುರು ಜೇಡರ ಬಲೆ ಇಳಿಬಿಟ್ಟ ಹಾಗಿದೆಯಪ್ಪ" ಎಂದರು. ಸಕ್ಕರೆ ಕಾಯಿಲೆಯಿಂದ ಕಣ್ಣಿನೊಳಗೆ ರಕ್ತಸ್ರಾವವಾಗಿತ್ತು. ಲೇಸರ್ ಮಾಡಿಸಿದರು, ಉಳಿದ ದೃಷ್ಟಿ ಉಳಿಯಿತು, ಹೋದದ್ದು ಬರಲಿಲ್ಲ. ಮರುವಾರ ನಾನು ಚಿಕ್ಕಬಳ್ಳಾಪುರಕ್ಕೆ ಹೊರಟೆ.

ಬೈಕಿನಲ್ಲಿ ಹೋದದ್ದು ಪೆದ್ದುತನ. ಪಾಪೆ ಹಿಗ್ಗಿಸುವ ಹನಿ ಹಾಕಿ ಅರ್ಧ ಗಂಟೆ ಕೂರಿಸಿದರು. ಹನಿ ಸ್ವಲ್ಪ ಉರಿಯುತ್ತದೆ, ಅಷ್ಟೆ. ಆಮೇಲೆ ಹಣೆಗೆ ದೀಪ ಕಟ್ಟಿಕೊಂಡ ವೈದ್ಯರು ಮೇಲೆ ನೋಡಿ, ಕೆಳಗೆ ನೋಡಿ ಎನ್ನುತ್ತ ಕಣ್ಣಿನ ಹಿಂಭಾಗವನ್ನು ಜಾಲಾಡಿದರು, ಪರದೆಯ ಫೋಟೊ ತೆಗೆಸಿದರು. ಹೊರಗೆ ಬಂದರೆ ಬಿಸಿಲು ವೆಲ್ಡಿಂಗ್ ಕಿಡಿಯಂತೆ ಚುಚ್ಚಿತು. ಬೈಕ್ ಅಲ್ಲೇ ಬಿಟ್ಟು ಬಸ್ ಹತ್ತಿದೆ. ಈಗ ಹೋಗುವಾಗಲೇ ಬಸ್, ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ. ಹತ್ತಿರದ್ದು ಸ್ಪಷ್ಟವಾಗಲು ಸಂಜೆಯಾಗುತ್ತದೆ, ಆದ್ದರಿಂದ ಅಂದು ನೂಲಿನ ಕೆಲಸಕ್ಕೂ ರಜೆ.

ಎರಡನೆಯ ವರ್ಷ ಬಲಗಣ್ಣಿನ ಫೋಟೊದಲ್ಲಿ ನಾಲ್ಕೈದು ಕೆಂಪು ಚುಕ್ಕೆಗಳು ಕಾಣಿಸಿದವು. ಸಣ್ಣ ರಕ್ತನಾಳಗಳ ಗೋಡೆ ಸಡಿಲಗೊಂಡು ಉಬ್ಬಿದ ಗುರುತು ಅದು, ಸಕ್ಕರೆಯಿಂದ ಪರದೆ ಕೆಡುವ ಡಯಾಬಿಟಿಕ್ ರೆಟಿನೋಪತಿಯ ಮೊದಲ ಮೆಟ್ಟಿಲು. ಅಂದು ಬೆಳಿಗ್ಗೆಯೂ ನಾನು ಕನ್ನಡಕವಿಲ್ಲದೆ ಎಳೆ ಹಿಡಿದಿದ್ದೆ! ಅದು ನನ್ನನ್ನು ಅಲುಗಾಡಿಸಿದಷ್ಟು ಬೇರಾವುದೂ ಅಲುಗಾಡಿಸಲಿಲ್ಲ. ಲೇಸರ್ ಬೇಡ, ಇಂಜೆಕ್ಷನ್ ಬೇಡ, ಸಕ್ಕರೆ ಮತ್ತು ರಕ್ತದೊತ್ತಡ ಹಿಡಿತದಲ್ಲಿಡಿ ಎಂದರು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆ ಎಚ್‌ಬಿಎ1ಸಿ ಆಗ 9.1 ಇತ್ತು, ಮುಂದಿನ ವರ್ಷದ ಹೊತ್ತಿಗೆ 7.2ಕ್ಕೆ ತಂದೆ. ಹಳೆಯ ಫೋಟೊ ಪಕ್ಕದಲ್ಲಿಟ್ಟು ನೋಡಿ, ಚುಕ್ಕೆ ಹೆಚ್ಚಿಲ್ಲ ಎಂದರು. ಅಂದಿನಿಂದ ಆ ಫೋಟೊಗಳು ಪಹಣಿ ಇರುವ ಕವರಿನಲ್ಲೇ ಇವೆ. ರಕ್ತಪರೀಕ್ಷೆಯ ವರದಿ ಮತ್ತು ಮಾತ್ರೆಯ ಚೀಟಿಗಳನ್ನೂ ಜೊತೆಗೆ ಒಯ್ಯುತ್ತೇನೆ.

ದಿನ ಮರೆಯಬಾರದೆಂದು ಪಿತೃಪಕ್ಷವನ್ನು ಗೊತ್ತು ಮಾಡಿಕೊಂಡಿದ್ದೇನೆ. ಆಗ ಮದುವೆ, ಗೃಹಪ್ರವೇಶಗಳ ಕರೆಯಿರುವುದಿಲ್ಲ, ತಪ್ಪಿಸಿಕೊಳ್ಳಲು ನೆಪವೂ ಸಿಗುವುದಿಲ್ಲ. "ಪಿತೃಪಕ್ಷದಲ್ಲಿ ಯಾರಾದರೂ ಆಸ್ಪತ್ರೆಗೆ ಹೋಗುತ್ತಾರೆಯೇ?" ಎಂದು ಹೆಂಡತಿ ಗೊಣಗುತ್ತಿದ್ದಳು. ಕಳೆದ ವರ್ಷ ಅವಳಿಗೂ ಸಕ್ಕರೆ ಪತ್ತೆಯಾಯಿತು. ಆ ತಿಂಗಳೇ ಕರೆದೊಯ್ದೆ, ಪಕ್ಷಕ್ಕೆ ಕಾಯಲಿಲ್ಲ. ನನ್ನ ಪರೀಕ್ಷೆಯನ್ನೂ ಅವಳ ಜೊತೆಗೇ ಮುಗಿಸಿಕೊಂಡೆ. ಇಬ್ಬರ ಕಣ್ಣಿಗೂ ಹನಿ. ಹಿಂತಿರುಗುವಾಗ ಕಂಡಕ್ಟರ್ ನನ್ನ ಟಿಕೆಟನ್ನೂ ಅವಳ ಉಚಿತ ಟಿಕೆಟನ್ನೂ ಒಟ್ಟಿಗೆ ಕೈಗಿಟ್ಟರು. ಯಾವುದು ಯಾರದೆಂದು ಊರು ಬರುವವರೆಗೂ ಇಬ್ಬರಿಗೂ ಓದಲಾಗಲಿಲ್ಲ.